ರುಜುವಿಲ್ಲದ ಕೆಲಸ

ಒಳ್ಳೆಯ ಕೆಲಸವೊಂದು ನಮ್ಮ ಕೈಗೆ ಬಂದಾಗ ಅದನ್ನು ಮಾಡಿದವರು ಯಾರು ಎಂದು ಕೇಳುವುದು ಅಗತ್ಯವೆ? ಕೆಲಸ ಚೆನ್ನಾಗಿದೆ, ಅದರಿಂದ ನಮಗೆ ಸಂತೋಷವಾಯಿತು; ಅಷ್ಟು ಸಾಲದೆ? ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವೊಂದುಂಟು. ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿ ಕಟ್ಟಿದ ತಾಯಿ ತನ್ನ ಹೆಸರನ್ನು ಹೇಳಿಕೊಳ್ಳಲಿಲ್ಲ. ಕೆರೆಯ ಏರಿಗೆ ಮಣ್ಣು ಹೊತ್ತವರ ಹೆಸರು ಶಾಸನವನ್ನು ಏರಲಿಲ್ಲ. ಫಲದ ಆಸೆ ಬೇಡವೆಂದು ಗೀತೆ ಹೇಳಿದೆ; ಹೆಸರೂ ಒಂದು ಬಗೆಯ ಫಲವೇ ತಾನೆ? ಉತ್ತರ ಕೇಳುವುದಕ್ಕೆ ಸೊಗಸಾಗಿದೆ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಸ್ವಲ್ಪ ನೋಡಬೇಕು. ಕೆಲಸ ಮಾಡಿದವನು ತನ್ನ ಮನಸ್ಸಿಗೆ ತಾನೇ ಹೇಳಿಕೊಂಡರೆ ಅದಕ್ಕೆ ಒಂದು ಅರ್ಥ. ಕೆಲಸ ಮಾಡಿಸಿಕೊಂಡವನು ಅದೇ ಮಾತನ್ನು ಹೇಳಿದರೆ ಬೇರೆಯೇ ಅರ್ಥ.

ಈ ಎರಡು ಅರ್ಥಗಳ ನಡುವಣ ಅಂತರವನ್ನು ಅಳೆಯುವುದಕ್ಕೆ ಕಾರ್ಲ್ ಬಾರ್ಕ್ಸ್ ಎಂಬ ಅಮೆರಿಕದ ಚಿತ್ರಕಾರನ ಬಾಳು ಒದಗಿಬರುತ್ತದೆ. ಆತ ಬರೆದದ್ದು ಮಕ್ಕಳ ಕಾಮಿಕ್ಸ್. ಅದರಲ್ಲೂ ನಾವಿಕನ ಅಂಗಿ ತೊಟ್ಟ ಬಾತುಕೋಳಿಯೊಂದರ ಕಥೆ. ಇಂಥ ಕಡೆ ಧರ್ಮಜಿಜ್ಞಾಸೆಗೆ ಎಡೆಯೆಲ್ಲಿ ಎಂದು ಕೆಲವರಿಗೆ ನಗು ಬಂದೀತು. ಬರಲಿ; ಬಾತುಕೋಳಿಯ ಕಥೆಗೆ ನಗು ಬಂದರೆ ನಷ್ಟವೇನಿಲ್ಲ. ಆದರೆ ನಗಿಸಿದವನ ಬಗೆಗೆ ಎರಡು ಮಾತು ಕೇಳಿದ ಮೇಲೆ ತೀರ್ಮಾನಿಸುವುದು ನ್ಯಾಯ.

ಬಾರ್ಕ್ಸ್ ಹುಟ್ಟಿದ್ದು 1901ರ ಮಾರ್ಚ್ 27ರಂದು, ಆರಿಗನ್ ರಾಜ್ಯದ ಮೆರಿಲ್ ಎಂಬ ಸಣ್ಣ ಊರಿನ ಸಮೀಪ. ಒಕ್ಕಲುತನದ ಮನೆ, ಆಟಕ್ಕೆ ಜೊತೆಗಾರರು ಅಪರೂಪ. ಚಿಕ್ಕಂದಿನಲ್ಲೇ ಕಿವಿ ಮಂದವಾಯಿತು. ಎಂಟನೆಯ ತರಗತಿಗೆ ಓದು ನಿಂತಿತು. ಚಿತ್ರ ಬರೆಯುವುದನ್ನು ಅಂಚೆಯ ಮೂಲಕ ಕಲಿಸುವ ಶಾಲೆಯೊಂದರಿಂದ ಬಂದ ಕೆಲವು ಪಾಠಗಳು—ಆತ ಪಡೆದ ಕಲಾಶಿಕ್ಷಣವೆಂದರೆ ಇಷ್ಟೆ. ಮುಂದೆ ಹೊಲದಲ್ಲಿ ದುಡಿದ, ಕಾಡಿನಲ್ಲಿ ಮರ ಕಡಿದ, ಹೇಸರಗತ್ತೆಗಳನ್ನು ಹೊಡೆದ, ರೈಲ್ವೆ ಕಾರ್ಖಾನೆಯಲ್ಲಿ ಕೂಲಿ ಮಾಡಿದ. 1931ರ ಕೊನೆಯ ವೇಳೆಗೆ ಮಿನಿಯಾಪೊಲಿಸ್ ನಗರದ ಹಾಸ್ಯಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿತು. 1935ರಲ್ಲಿ ವಾರಕ್ಕೆ 20 ಡಾಲರ್ ಸಂಬಳದ ಮೇಲೆ ಕ್ಯಾಲಿಫೋರ್ನಿಯದ ಡಿಸ್ನಿ ಸ್ಟುಡಿಯೊ ಸೇರಿದ. ಅಲ್ಲಿ ಮೊದಲು ದೊರೆತ ಕೆಲಸ ವಿಚಿತ್ರವಾದದ್ದು. ಮುಖ್ಯ ಚಿತ್ರಕಾರ ಒಂದು ಚಲನೆಯ ಮೊದಲ ಭಂಗಿಯನ್ನೂ ಕೊನೆಯ ಭಂಗಿಯನ್ನೂ ಬರೆದುಕೊಡುತ್ತಾನೆ. ಅವೆರಡರ ನಡುವೆ ಬರಬೇಕಾದ ಹತ್ತಾರು ಚಿತ್ರಗಳನ್ನು ತುಂಬುವವನು ಇನ್ನೊಬ್ಬ. ತೆರೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಚಿತ್ರಗಳು ಅವು. ಹೆಸರಿಲ್ಲದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿರಲಾರದು.

ಸ್ವಲ್ಪ ಕಾಲದಲ್ಲೇ ಆತ ಕಥಾವಿಭಾಗಕ್ಕೆ ಹೋದ. ಡೊನಾಲ್ಡ್ ಡಕ್‌ನ ಚಲನಚಿತ್ರಗಳಿಗೆ ಹಾಸ್ಯಪ್ರಸಂಗಗಳನ್ನು ಹೆಣೆಯುವುದು ಅಲ್ಲಿನ ಕೆಲಸ. ಆದರೆ ಸ್ಟುಡಿಯೊದ ಹವಾನಿಯಂತ್ರಣ ಮೈಗೆ ಒಗ್ಗಲಿಲ್ಲ. ಯುದ್ಧಕಾಲದ ವಾತಾವರಣ ಮನಸ್ಸಿಗೆ ಹಿಡಿಸಲಿಲ್ಲ. 1942ರ ನವೆಂಬರಿನಲ್ಲಿ ಕೆಲಸ ಬಿಟ್ಟು, ದಕ್ಷಿಣ ಕ್ಯಾಲಿಫೋರ್ನಿಯದ ಒಣಪ್ರದೇಶವೊಂದರಲ್ಲಿ ಕೋಳಿ ಸಾಕಿ ಜೀವಿಸುವ ಯೋಚನೆ ಮಾಡಿದ. ನಲವತ್ತೊಂದು ವರ್ಷದ ಮನುಷ್ಯ, ಕಿವಿ ಸರಿಯಾಗಿ ಕೇಳದು, ಕೈಯಲ್ಲಿ ಹೆಚ್ಚು ಹಣವಿಲ್ಲ. ಆಗ ಡಿಸ್ನಿ ಪಾತ್ರಗಳ ಕಾಮಿಕ್ಸ್ ತಯಾರಿಸುವ ಅನುಮತಿ ಪಡೆದಿದ್ದ ವೆಸ್ಟರ್ನ್ ಎಂಬ ಪ್ರಕಾಶನ ಸಂಸ್ಥೆಗೆ ಡೊನಾಲ್ಡ್ ಡಕ್‌ನ ಹತ್ತು ಪುಟದ ಕಥೆಗಳನ್ನು ಬರೆಯುವವರು ಬೇಕಾಗಿದ್ದರು. ಬಾರ್ಕ್ಸ್ ಒಪ್ಪಿದ. ಮೊದಲ ಕಥೆ 1943ರ ಏಪ್ರಿಲ್ ಸಂಚಿಕೆಯಲ್ಲಿ ಬಂತು. 1966ರಲ್ಲಿ ನಿವೃತ್ತನಾಗುವ ತನಕ ಆ ಕೈ ನಿಲ್ಲಲಿಲ್ಲ. ಸುಮಾರು 500 ಕಥೆಗಳು, 6000ಕ್ಕೂ ಹೆಚ್ಚು ಪುಟಗಳು. ಬಹುಪಾಲು ಕಥೆಗಳಿಗೆ ಕಥನವೂ ಆತನದೆ, ಚಿತ್ರವೂ ಆತನದೆ. ಆ ಮಾಸಪತ್ರಿಕೆ 1950ರ ದಶಕದ ಆರಂಭದಲ್ಲಿ ತಿಂಗಳಿಗೆ ಸುಮಾರು 30 ಲಕ್ಷ ಪ್ರತಿಗಳಷ್ಟು ಖರ್ಚಾಗುತ್ತಿತ್ತು.

ಇಷ್ಟು ಪ್ರತಿಗಳಲ್ಲಿ ಒಂದರ ಮೇಲೂ ಕಾರ್ಲ್ ಬಾರ್ಕ್ಸ್ ಎಂಬ ಹೆಸರಿರಲಿಲ್ಲ. ಇದ್ದದ್ದು ಒಂದೇ ಹೆಸರು, ವಾಲ್ಟ್ ಡಿಸ್ನಿಯದು. ಮುದ್ದಾದ ಅಕ್ಷರದ ಆ ರುಜುವನ್ನು ನೋಡಿದ ಮಕ್ಕಳು, ವಾಲ್ಟ್ ಡಿಸ್ನಿ ಎಂಬ ಒಬ್ಬರೇ ಪುಣ್ಯಾತ್ಮರು ಹಗಲಿರುಳು ಕುಳಿತು ಇದೆಲ್ಲವನ್ನೂ ಬರೆಯುತ್ತಾರೆಂದು ನಂಬಿದ್ದರೆ ತಪ್ಪು ಮಕ್ಕಳದಲ್ಲ. ಬಾರ್ಕ್ಸನಿಗೆ ಸಿಗುತ್ತಿದ್ದುದು ಪುಟಕ್ಕೆ ಇಷ್ಟೆಂಬ ಹಣ, ಅದೂ ಒಂದೇ ಸಲ. ಕಥೆ ಮರುಮುದ್ರಣವಾಗಲಿ, ಹೊರದೇಶದ ಭಾಷೆಗಳಿಗೆ ಅನುವಾದವಾಗಲಿ, ಮತ್ತೆ ಹಣವಿಲ್ಲ. ಓದುಗರ ಪತ್ರಗಳು ಆತನವರೆಗೆ ಬರುತ್ತಿದ್ದುದೂ ಬಲು ವಿರಳ. ಸಂಪಾದಕರಿಗೆ ಒಗ್ಗದ ಪುಟಗಳು ಕತ್ತರಿಗೆ ಬೀಳುತ್ತಿದ್ದವು. 1950ರ ದಶಕದ ಒಂದೆರಡು ಒಳ್ಳೆಯ ಕಥೆಗಳಿಗೆ ಹಾಗೆ ಗಾಯವಾಗಿದೆ. ಅಚ್ಚಾದ ಮೇಲೆ ಮೂಲಚಿತ್ರಗಳಲ್ಲಿ ಹೆಚ್ಚಿನವು ಉಳಿಯಲೇ ಇಲ್ಲ. ಹಗೇವಿನ ಜೋಳದಂತೆ ಕೂಡಿಡುವ ವಸ್ತು ಅದೆಂದು ಆ ಕಾಲದಲ್ಲಿ ಯಾರಿಗೂ ತೋರಿರಲಿಲ್ಲ.

ಆ ಕೆಲಸದ ಗುಣವಾದರೂ ಎಂಥದು? ಚಲನಚಿತ್ರದ ಡೊನಾಲ್ಡ್ ಬರಿಯ ಸಿಡುಕ. ಬಾರ್ಕ್ಸನ ಪುಟಗಳಲ್ಲಿ ಅವನು ಸಂಸಾರಿಯಾದ. ಕೆಲಸದಿಂದ ಕೆಲಸಕ್ಕೆ ಅಲೆಯುವ, ಸೋತು ಮತ್ತೆ ಏಳುವ, ಮೂವರು ಸೋದರಳಿಯಂದಿರ ಮುಂದೆ ಮಾನ ಉಳಿಸಿಕೊಳ್ಳಲು ಹೆಣಗುವ ಸಾಮಾನ್ಯ ಮನುಷ್ಯ. ಅವನಿಗೆ ವಾಸಕ್ಕೆಂದು ಡಕ್‌ಬರ್ಗ್ ಎಂಬ ಊರು ಹುಟ್ಟಿತು. ಊರಿಗೆ ತಕ್ಕಂತೆ ಅದೃಷ್ಟವನ್ನೇ ಬಂಡವಾಳ ಮಾಡಿಕೊಂಡ ಸೋಮಾರಿ ನೆಂಟ, ತಲೆತಿರುಕ ಯಂತ್ರಶಿಲ್ಪಿ, ಕಳ್ಳರ ಒಂದು ಕುಟುಂಬ ಬಂದವು. 1947ರ ಡಿಸೆಂಬರಿನಲ್ಲಿ ಬಂದವನು ಅಂಕಲ್ ಸ್ಕ್ರೂಜ್, ಲೋಕದಲ್ಲೆಲ್ಲ ದೊಡ್ಡ ಸಿರಿವಂತನಾದ ಜಿಪುಣ ಸೋದರಮಾವ. ಆಂಡೀಸ್ ಪರ್ವತದಲ್ಲಿ ಚೌಕ ಮೊಟ್ಟೆಯಿಡುವ ಕೋಳಿಗಳ ನಾಡನ್ನು ಹುಡುಕಿ ಹೊರಡುವ 1949ರ ಕಥೆಯನ್ನು ಇಂದಿಗೂ ಬಲ್ಲವರು ಮೆಚ್ಚುತ್ತಾರೆ. ಬಾರ್ಕ್ಸ್ ಆಂಡೀಸಿಗೆ ಹೋದವನಲ್ಲ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಬೆಟ್ಟದ ಕಲ್ಲುಗಳನ್ನೂ ಕೋಟೆಯ ಗೋಡೆಗಳನ್ನೂ ನಿಷ್ಠೆಯಿಂದ ಬರೆದ. ಬಾತುಕೋಳಿಗಳು ಸುಳ್ಳಾದರೂ ಅವು ನಿಂತ ನೆಲ ಸುಳ್ಳಾಗಬಾರದೆಂಬ ಹಟ.

ಇಲ್ಲಿ ನಿಂತು ಯೋಚಿಸಬೇಕು. ಒಂದು ಪುಟಕ್ಕೆ ಹಣ ಗೊತ್ತಾಗಿದೆ. ಕಲ್ಲನ್ನು ಕಲ್ಲಿನಂತೆ ಬರೆದರೂ ಅಷ್ಟೆ, ಮೂಟೆಯಂತೆ ಬರೆದರೂ ಅಷ್ಟೆ. ಚೆನ್ನಾಗಿ ಬರೆದರೆ ಕೀರ್ತಿಯಿಲ್ಲ, ಕೆಟ್ಟದಾಗಿ ಬರೆದರೆ ಅಪಕೀರ್ತಿಯೂ ಇಲ್ಲ. ಯಾರೂ ನೋಡದ ಕಡೆ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂಬುದು ಶೀಲದ ಪರೀಕ್ಷೆಯೆಂದು ಹಿರಿಯರು ಹೇಳುತ್ತಾರಷ್ಟೆ. ಬಾರ್ಕ್ಸ್ ಆ ಪರೀಕ್ಷೆಗೆ ಇಪ್ಪತ್ತಮೂರು ವರ್ಷ ಕುಳಿತ. 1951ರಲ್ಲಿ ಎರಡನೆಯ ಮದುವೆಯೂ ಮುರಿದು, ಇದ್ದ ಅಲ್ಪಸ್ವಲ್ಪವೂ ಕೈಬಿಟ್ಟು, ಬರೆಯುವ ಹಲಗೆಯನ್ನೂ ಆ ಹಳೆಯ ಪತ್ರಿಕೆಗಳನ್ನೂ ಕಟ್ಟಿಕೊಂಡು ಮನೆಯಿಂದ ಹೊರಟವನು ಮುಂದಿನ ವರ್ಷ ಬರೆದದ್ದು ತನ್ನ ಅತ್ಯುತ್ತಮ ಕಥೆಗಳಲ್ಲಿ ಕೆಲವನ್ನು. ಇದನ್ನು ನಿಷ್ಕಾಮ ಕರ್ಮವೆಂದು ಕರೆದರೆ ಅತಿಶಯೋಕ್ತಿಯಾಗದು.

ಆದರೆ ಆ ನಿಷ್ಕಾಮ ಕರ್ಮದ ಪುಣ್ಯ ಯಾರದು? ನಮ್ಮ ಮೊದಲ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಫಲದ ಆಸೆ ಬಿಡು ಎಂಬುದು ಮಾಡುವವನಿಗೆ ಹೇಳಿದ ಮಾತು. ಅವನ ಫಲವನ್ನು ನೀನು ಇಟ್ಟುಕೋ ಎಂದು ಮತ್ತೊಬ್ಬನಿಗೆ ಹೇಳಿದ ಮಾತಲ್ಲ. ಉಪವಾಸ ವ್ರತವೆಂಬುದು ನಿಜ; ಆದರೆ ಪಕ್ಕದವನ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಅವನಿಗೆ ಏಕಾದಶಿಯ ಫಲ ಬಂತೆನ್ನುವವನನ್ನು ನಾವು ಧರ್ಮಿಷ್ಠನೆನ್ನುವುದಿಲ್ಲ. ಕೊಡುವವನಲ್ಲಿ ಗುಣವಾದದ್ದು, ತೆಗೆದುಕೊಳ್ಳುವವನಲ್ಲಿ ಗುಣವಾಗಬೇಕೆಂಬ ನಿಯಮವಿಲ್ಲ.

ಎದುರು ಪಕ್ಷದ ವಾದವನ್ನೂ ಕೇಳೋಣ. ಕದ್ದದ್ದು ಏನೂ ಇಲ್ಲ, ಒಪ್ಪಂದವಿತ್ತು. ಹಣ ಸಕಾಲಕ್ಕೆ ಸಂದಿತು. ಅಮೆರಿಕದ ಕಾನೂನಿನಂತೆ ಬಾಡಿಗೆಗೆ ಮಾಡಿಸಿದ ಬರವಣಿಗೆಯಲ್ಲಿ ಕರ್ತೃವೆನಿಸುವವನು ಬರೆದವನಲ್ಲ, ಬರೆಸಿದವನು. ಡೊನಾಲ್ಡ್ ಡಕ್ ಬಾರ್ಕ್ಸನ ಸೃಷ್ಟಿಯೂ ಅಲ್ಲ. 1934ರಲ್ಲಿಯೇ ಸ್ಟುಡಿಯೊದ ಹಲವು ಕೈಗಳಿಂದ ರೂಪ ಪಡೆದು, ಬೇರೊಬ್ಬನ ಕಂಠದಿಂದ ದನಿ ಪಡೆದು ಹುಟ್ಟಿದವನು. ಕಟ್ಟಿದ ಮನೆಗೆ ಬಾಡಿಗೆಗೆ ಬಂದವನು ಮಾಳಿಗೆ ಏರಿಸಿದರೆ ಮನೆ ಅವನದಾಗುತ್ತದೆಯೆ? ಇದಕ್ಕಿಂತ ಸೂಕ್ಷ್ಮವಾದ ವಾದವೂ ಒಂದಿದೆ. ಹೆಸರಿಲ್ಲದ್ದರಿಂದಲೇ ಬಾರ್ಕ್ಸನಿಗೆ ಸ್ವಾತಂತ್ರ್ಯವಿತ್ತು. ಕೀರ್ತಿಯನ್ನು ಕಾಯ್ದುಕೊಳ್ಳುವ ಭಯವಿಲ್ಲದೆ, ಮೆಚ್ಚುವವರ ಗದ್ದಲವಿಲ್ಲದೆ, ಒಣನಾಡಿನ ಮೂಲೆಯಲ್ಲಿ ಮನಸ್ಸಿಗೆ ಬಂದಂತೆ ಬರೆದ ಎಂಬುದು.

ಈ ವಾದಗಳನ್ನು ತಳ್ಳಿಹಾಕುವಂತಿಲ್ಲ. ಕೊನೆಯದರಲ್ಲಿ ಸತ್ಯಾಂಶವುಂಟು. ಬೀಜ ಕತ್ತಲಲ್ಲಿ ಮೊಳೆಯುತ್ತದೆ. ಹಾಗೆಂದು ಗಿಡವನ್ನು ಕೊನೆಯವರೆಗೂ ಕತ್ತಲಲ್ಲೇ ಇಟ್ಟವನನ್ನು ತೋಟಗಾರನೆನ್ನಲಾಗದು. ಒಪ್ಪಂದದ ಮಾತಿಗೆ ಬಂದರೆ, ಬೆಲೆ ಬೇರೆ, ಋಣ ಬೇರೆ. ಬೆಲೆ ಕೊಟ್ಟೊಡನೆ ಮುಗಿಯುತ್ತದೆ, ಋಣ ಮುಗಿಯುವುದಿಲ್ಲ. ಒಂದು ಜೊತೆ ಎಕ್ಕಡವನ್ನು ಕೊಂಡರೆ ಅದು ಸವೆಯುವುದರೊಳಗೆ ನಮ್ಮ ಲೆಕ್ಕ ಚುಕ್ತಾ. ಕಥೆ ಸವೆಯುವ ವಸ್ತುವಲ್ಲ. ಹತ್ತು ವರ್ಷದ ಮೇಲೆ ಹೊಸ ಮಕ್ಕಳಿಗೆ ಹೊಸದಾಗಿ ನಗು ತರುತ್ತದೆ, ಪ್ರಕಾಶಕನಿಗೆ ಹೊಸದಾಗಿ ಹಣ ತರುತ್ತದೆ. ದುಡಿಮೆ ನಡೆಯುತ್ತಲೇ ಇರುತ್ತದೆ, ಕೂಲಿ ಮಾತ್ರ ಎಂದೋ ನಿಂತಿರುತ್ತದೆ. ಕಾನೂನು ಇದನ್ನು ಸರಿಯೆಂದೀತು. ಕಾನೂನು ಹೇಳುವುದು ಬೆಲೆಯ ಮಾತನ್ನು. ಋಣದ ಮಾತು ಅದರ ಕಕ್ಷೆಯಲ್ಲಿಲ್ಲ.

ಬಾರ್ಕ್ಸನ ಕಥೆಯೊಂದರಲ್ಲೇ ಈ ವಿಚಾರದ ಬೆಳಕಿದೆ. 1952ರಲ್ಲಿ ಸ್ಕ್ರೂಜನ ಹೆಸರಿನಲ್ಲೇ ಹೊರಟ ಮೊದಲ ಪುಸ್ತಕದಲ್ಲಿ, ಆ ಜಿಪುಣ ತನ್ನ ನಾಣ್ಯಗಳ ರಾಶಿಯಲ್ಲಿ ಈಜಾಡುತ್ತಾನೆ. ಇಷ್ಟು ಹಣದಿಂದ ಏನು ಉಪಯೋಗವೆಂದರೆ, ಒಂದೊಂದು ನಾಣ್ಯವನ್ನೂ ಎತ್ತಿ, ಇದು ಕ್ಲಾಂಡೈಕಿನ ಹಿಮದಲ್ಲಿ ಗಳಿಸಿದ್ದು, ಇದು ಮೊಂಟಾನದಲ್ಲಿ ಗಳಿಸಿದ್ದು ಎಂದು ನೆನಪು ಹೇಳುತ್ತಾನೆ. ಅವನ ಪಾಲಿಗೆ ನಾಣ್ಯವೆಂದರೆ ಕೊಳ್ಳುವ ಶಕ್ತಿಯಲ್ಲ, ಪಟ್ಟ ಶ್ರಮದ ಸ್ಮರಣೆ. ಹಣವನ್ನು ಹೀಗೆ ಕಂಡ ಪಾತ್ರವನ್ನು ಕಲ್ಪಿಸಿದವನಿಗೆ ತನ್ನ ದುಡಿಮೆಯ ರಾಶಿಯ ಮೇಲೆ ಹಕ್ಕಿರಲಿಲ್ಲ. ನೆನಪು ಬಾರ್ಕ್ಸನ ಹತ್ತಿರ, ನಾಣ್ಯ ಇನ್ನೊಬ್ಬರ ಹತ್ತಿರ. ಒಡೆತನವೆಂದರೆ ಯಾವುದು? ಕಡತದಲ್ಲಿರುವ ಹೆಸರೆ, ಅಥವಾ ಇದು ಹೀಗೆ ಹುಟ್ಟಿತೆಂದು ಹೇಳಬಲ್ಲ ನೆನಪೆ? ಸ್ಕ್ರೂಜನನ್ನು ಕೇಳಿದರೆ ಅವನ ಉತ್ತರದ ಬಗೆಗೆ ಸಂಶಯವಿಲ್ಲ.

ಈಗ ಮಕ್ಕಳ ಮಾತಿಗೆ ಬರೋಣ. ಆ ಪತ್ರಿಕೆಗಳಲ್ಲಿ ಬಾತುಕೋಳಿಗಳನ್ನು ಬೇರೆ ಚಿತ್ರಕಾರರೂ ಬರೆಯುತ್ತಿದ್ದರು. ಎಲ್ಲದರ ಮೇಲೂ ರುಜು ಒಂದೇ. ಆದರೂ ಓದುಗರಲ್ಲಿ ಕೆಲವರು ರೇಖೆಯ ಬಳುಕಿನಿಂದ, ಕಥೆಯ ನಡಿಗೆಯಿಂದ ಒಬ್ಬನನ್ನು ಬೇರ್ಪಡಿಸಿ ಗುರುತಿಸಿದರು. ಹೆಸರು ತಿಳಿಯದ್ದರಿಂದ ಅವನನ್ನು 'ಒಳ್ಳೆಯ ಚಿತ್ರಕಾರ' ಎಂದು ಕರೆದರು. ಎಷ್ಟು ಸರಳವಾದ ಬಿರುದು! ರಾಜಾಸ್ಥಾನಗಳು ಕೊಟ್ಟ ಉದ್ದುದ್ದ ಬಿರುದುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇದ್ದೀತೆ? ಈ ಮಕ್ಕಳು ದೊಡ್ಡವರಾದ ಮೇಲೆ ಹುಡುಕಾಟ ನಡೆಸಿದರು. 1960ರಲ್ಲಿ ಅಂಥ ಓದುಗರೊಬ್ಬರ ಪತ್ರ ಕೊನೆಗೂ ಬಾರ್ಕ್ಸನನ್ನು ಮುಟ್ಟಿತು. ಆತ ಮೊದಲು ನಂಬಲಿಲ್ಲ. ಪರಿಚಿತರು ಯಾರೋ ತಮಾಷೆಗೆ ಬರೆದಿರಬೇಕೆಂದು ಶಂಕಿಸಿದ. ಹದಿನೇಳು ವರ್ಷ ಲಕ್ಷಾಂತರ ಜನರನ್ನು ನಗಿಸಿದವನಿಗೆ ತನ್ನನ್ನು ಒಬ್ಬರು ಮೆಚ್ಚಿದ್ದಾರೆಂಬ ಸುದ್ದಿಯೇ ಹಾಸ್ಯವಾಗಿ ತೋರಿತು. ಈ ಸಂಗತಿಯನ್ನು ಓದಿದಾಗ ನನಗೆ ನಗು ಬರಲಿಲ್ಲ.

ಪ್ರಕಾಶಕರು ಮಾಡಬಹುದಾಗಿದ್ದು ಮಾಡದ ಕೆಲಸವನ್ನು ಓದುಗರು ಬರಿಯ ಗಮನದಿಂದ ಮಾಡಿದರು. ಗಮನವಿಟ್ಟು ನೋಡುವುದೂ ನ್ಯಾಯದ ಒಂದು ರೂಪವೆಂದು ಇದರಿಂದ ತಿಳಿಯುತ್ತದೆ. ನಮ್ಮ ಪ್ರಾಚೀನ ಶಿಲ್ಪಿಗಳೆಲ್ಲ ಹೆಸರನ್ನು ತೃಣವೆಂದು ಬಗೆದವರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಬೇಲೂರಿನ ವಿಗ್ರಹಗಳ ಪೀಠವನ್ನು ನೋಡಿದರೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ದೇವರಿಗೆಂದು ಮಾಡಿದ ಕೆಲಸದ ಮೇಲೂ ಆ ಪುಣ್ಯವಂತರು ತಮ್ಮ ಹೆಸರನ್ನು ಬರೆದರು, ಬರೆಯುವುದಕ್ಕೆ ಬಿಟ್ಟರು. ಭಕ್ತಿಗೆ ಅದರಿಂದ ಕುಂದಾಗಲಿಲ್ಲ. ಹೆಸರನ್ನು ಬಿಡುವುದು ಹಿರಿತನವಿರಬಹುದು. ಬಿಡುವ ಮೊದಲು ಅದು ನಮ್ಮ ಕೈಯಲ್ಲಿರಬೇಕು. ಇಲ್ಲದ್ದನ್ನು ತ್ಯಾಗ ಮಾಡುವುದೆಂತು?

ಹೆಸರು ಹೊರಬಿದ್ದ ಮೇಲೆ ಬಾರ್ಕ್ಸನಿಗೆ ಕೆಲವು ಒಳ್ಳೆಯ ದಿನಗಳು ಬಂದವು. 1971ರಲ್ಲಿ ತನ್ನದೇ ಬಾತುಕೋಳಿಗಳನ್ನು ತೈಲಚಿತ್ರಗಳಲ್ಲಿ ಬರೆದು ಮಾರುವುದಕ್ಕೆ ಡಿಸ್ನಿ ಸಂಸ್ಥೆ ಅನುಮತಿ ಕೊಟ್ಟಿತು. 1976ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ಮುಂದಿನ ದಶಕದಲ್ಲಿ ಮತ್ತೆ ಅವಕಾಶಕ್ಕೆ ದಾರಿಯಾಯಿತು. ತನ್ನ ಕೈಯ ಗೆರೆಯನ್ನು ಎಳೆಯಲು ತಾನೇ ಅಪ್ಪಣೆ ಬೇಡುವುದು! ಆಕಾಶದ ಕಿರುಗ್ರಹವೊಂದಕ್ಕೆ ಆತನ ಹೆಸರಿಟ್ಟರು. 1991ರಲ್ಲಿ ಡಿಸ್ನಿ ಸಂಸ್ಥೆಯೇ ಗೌರವ ಸಲ್ಲಿಸಿತು. 1994ರಲ್ಲಿ, 93ರ ವಯಸ್ಸಿನಲ್ಲಿ, ಯೂರೋಪಿನ 11 ದೇಶಗಳಲ್ಲಿ ಸಂಚರಿಸಿ ಓದುಗರ ಪುಸ್ತಕಗಳ ಮೇಲೆ ತನ್ನ ರುಜು ಹಾಕಿದ. ಡಕ್‌ಬರ್ಗಿನ ಆ ಪಾತ್ರಗಳು 1987ರಿಂದ ದೂರದರ್ಶನದ ಧಾರಾವಾಹಿಯಾಗಿ ಲೋಕವನ್ನು ಸುತ್ತಿದವು. 1990ರ ದಶಕದಲ್ಲಿ ಭಾನುವಾರಗಳಂದು ಹಿಂದಿಯಲ್ಲಿ ನಮ್ಮ ಮನೆಗಳಿಗೂ ಬಂದವು. ಅಂದು ಅದರ ಮುಂದೆ ಕುಳಿತಿದ್ದ ನಮ್ಮಲ್ಲಿ ಎಷ್ಟು ಮಂದಿ ಬಾರ್ಕ್ಸ್ ಎಂಬ ಹೆಸರನ್ನು ಕೇಳಿದ್ದೆವು? 2000ದ ಆಗಸ್ಟ್ 25ರಂದು, ನೂರು ತುಂಬಲು ಏಳು ತಿಂಗಳಿರುವಾಗ, ಆತ ಹುಟ್ಟಿದ ರಾಜ್ಯದಲ್ಲೇ ತೀರಿಕೊಂಡ.

ಕಥೆ ಇಲ್ಲಿಗೆ ಮುಗಿದರೆ ನ್ಯಾಯ ಸಂದಿತೆಂದು ನಾವು ನಿಟ್ಟುಸಿರಿಡಬಹುದಿತ್ತು. ಆದರೆ ಇನ್ನೊಂದು ಮಾತು ಉಳಿದಿದೆ. 1954ರಲ್ಲಿ ಬಾರ್ಕ್ಸ್ ಮದುವೆಯಾದ ಗರೇ ಎಂಬಾಕೆ ಸ್ವತಃ ಚಿತ್ರಕಾರ್ತಿ. ಪುಟಗಳಲ್ಲಿ ಮಾತಿನ ಅಕ್ಷರಗಳನ್ನು ಬರೆಯುವುದು, ಕಪ್ಪು ತುಂಬುವುದು, ಹಿನ್ನೆಲೆಗೆ ಶಾಯಿ ಹಚ್ಚುವುದು ಮುಂತಾದ ಕೆಲಸಗಳಲ್ಲಿ ಆಕೆ ಗಂಡನಿಗೆ ನೆರವಾದಳು. ನಾವು ಓದುವ ಮಾತುಗಳ ಅಕ್ಷರ ಆಕೆಯದು. ಮೆಚ್ಚಿ ಹೇಳುವ ಹೆಸರು ಆತನದು. ಆ ಪುಟಗಳಿಗೆ ಬಣ್ಣ ಕೂಡಿಸಿದವರು ಯಾರು, ಅಚ್ಚಿನಮನೆಯಲ್ಲಿ ನಿಂತವರು ಯಾರು? ಒಬ್ಬನ ಹೆಸರನ್ನು ಬೆಳಕಿಗೆ ತಂದೊಡನೆ ಅವನ ಹಿಂದೆ ನೆರಳಿನಲ್ಲಿರುವವರು ಕಾಣತೊಡಗುತ್ತಾರೆ. ಈ ಸಾಲಿಗೆ ಕೊನೆಯಿಲ್ಲ. ಎಲ್ಲರ ಹೆಸರನ್ನೂ ಬರೆಯಲು ಯಾವ ಪುಟವೂ ಸಾಲದು. ಆದ್ದರಿಂದ ಯಾರದನ್ನೂ ಬರೆಯುವುದು ಬೇಡವೆನ್ನುವುದು ಅನುಕೂಲದ ವಾದ. ಸಾಲ ಪೂರ್ತಿ ತೀರದೆಂದು ಕಂತು ಕಟ್ಟುವುದನ್ನೇ ಬಿಟ್ಟಹಾಗೆ.

ಇದು ದೂರದ ಅಮೆರಿಕದ ಮಾತಾಗಿ ಉಳಿಯುವುದಿಲ್ಲ. ಕಚೇರಿಯಲ್ಲಿ ಕಿರಿಯನೊಬ್ಬ ರಾತ್ರಿಯೆಲ್ಲ ಕುಳಿತು ಸಿದ್ಧಪಡಿಸಿದ ವರದಿಗೆ ಮೇಲಿನವರ ರುಜು ಬೀಳುತ್ತದೆ. ಅದು ಕ್ರಮವೇ ಇರಬಹುದು, ಸಂಬಳವೂ ಸಂದಿರುತ್ತದೆ. ಸಭೆಯಲ್ಲಿ ಆ ವರದಿಯನ್ನು ಹೊಗಳಿದಾಗ, ಇದನ್ನು ಬರೆದವರು ಇಂಥವರು ಎಂದು ಒಂದು ಮಾತು ಹೇಳುವುದಕ್ಕೆ ಯಾವ ಕಾನೂನಿನ ಬಲವಂತವೂ ಇಲ್ಲ, ಯಾವ ಕಾನೂನಿನ ಅಡ್ಡಿಯೂ ಇಲ್ಲ. ಧರ್ಮದ ಕೆಲಸಗಳಲ್ಲಿ ಬಹುಪಾಲು ಇಂಥ ಬಯಲಿನಲ್ಲೇ ಇರುತ್ತವೆ.

ತರಗತಿಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳನ್ನು ಹೇಳಿಕೊಡುವಾಗ ಒಂದು ಸಂಗತಿ ನನ್ನ ಗಮನಕ್ಕೆ ಬರುತ್ತದೆ. 'ಅವನು ಚಿತ್ರ ಬರೆದನು' ಎಂಬಲ್ಲಿ ಅವನನ್ನು ತೆಗೆದರೆ ಯಾರೆಂಬ ಪ್ರಶ್ನೆ ಕೂಡಲೇ ಏಳುತ್ತದೆ. 'ಅವನಿಂದ ಚಿತ್ರವು ಬರೆಯಲ್ಪಟ್ಟಿತು' ಎಂಬಲ್ಲಿ ಅವನಿಂದ ಎನ್ನುವುದನ್ನು ಬಿಟ್ಟುಬಿಟ್ಟರೂ ವಾಕ್ಯ ಏನೂ ಆಗದಂತೆ ನಿಂತೇ ಇರುತ್ತದೆ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗುವುದಿಲ್ಲವೆಂದು ಹುಡುಗರಿಗೆ ಹೇಳುವುದುಂಟು. ನಮ್ಮ ಮಾತು ಬಯಸುವುದು ಮಾಡಿದವನನ್ನು ಮುಂದಿಟ್ಟುಕೊಂಡ ವಾಕ್ಯವನ್ನು. ನಮ್ಮ ನಡವಳಿಕೆಗೂ ಅದೇ ವ್ಯಾಕರಣ ಬಂದರೆ ಚೆನ್ನ. ಇನ್ನೊಮ್ಮೆ ಮನೆಯ ಮಗು ಚಿತ್ರದ ಪುಸ್ತಕವೊಂದನ್ನು ಹಿಡಿದು ನಗುತ್ತಿದ್ದರೆ, ಇದನ್ನು ಯಾರು ಬರೆದರು ನೋಡು ಮಗು ಎಂದು ಕೇಳಿ ನೋಡಬಹುದು. ಹೆಸರು ಸಿಕ್ಕರೆ ಮಗು ಓದಲಿ. ಸಿಗದಿದ್ದರೆ ಏಕೆ ಇಲ್ಲವೆಂದು ಅದೇ ಕೇಳುತ್ತದೆ.